ಹವ್ಯಾಸಿಯ ರಥ

ಬನಶಂಕರಿಯ ಎರಡನೆಯ ಹಂತದಲ್ಲಿಯೋ ಜಯನಗರದ ಹಿಂದಣ ಬೀದಿಯೊಂದರಲ್ಲಿಯೋ ಸಂಜೆಯ ಹೊತ್ತು ನಡೆದು ಹೋಗುವವರಿಗೆ ಒಮ್ಮೊಮ್ಮೆ ವಿಚಿತ್ರವಾದ ನೋಟವೊಂದು ಎದುರಾಗುವುದುಂಟು. ಮನೆಯ ಮುಂದಣ ಇಕ್ಕಟ್ಟಾದ ಅಂಗಳದಲ್ಲಿ, ತೆಂಗಿನ ಮರದ ಬುಡದಲ್ಲಿ, ಹಳೆಯ ಮಾರುತಿ ಕಾರೊಂದು ನಿಂತಿರುತ್ತದೆ. ಅದರ ಆಸನಗಳನ್ನು ಕಿತ್ತು ಜಗಲಿಯ ಮೇಲೆ ಇಟ್ಟಿದೆ, ಬಾಗಿಲುಗಳ ಒಳಹೊದಿಕೆಯಿಲ್ಲ, ಕಾಲ ಕೆಳಗಿನ ಹಾಸಿಲ್ಲ, ಒಳಗೆ ಉಕ್ಕಿನ ಕೊಳವೆಗಳ ಪಂಜರವೊಂದು ಅರ್ಧ ಮೇಲೆದ್ದಿದೆ. ಬನಿಯನ್ನಿನ ತೋಳಿಗೆ ಗ್ರೀಸು ಬಳಿದುಕೊಂಡ ತರುಣನೊಬ್ಬನು ಅದರ ಅಡಿಯಲ್ಲಿ ಮಲಗಿದ್ದಾನೆ. ಹಾದುಹೋಗುವ ಹಿರಿಯರು ಒಳ್ಳೆಯ ಗಾಡಿಯೊಂದು ಹಾಳಾಯಿತೆಂದು ತಲೆಯಲ್ಲಾಡಿಸುತ್ತಾರೆ. ಹುಡುಗರು ಗೇಟಿನ ಸರಳುಗಳ ನಡುವೆ ಮುಖವಿಟ್ಟು, ಅದು ಯಾವಾಗ ಓಡುವುದೆಂದು ಕೇಳುತ್ತಾರೆ.

ಈ ಹಿರಿಯರ ತಲೆಯಲ್ಲಾಟವೂ ಈ ಹುಡುಗರ ಕುತೂಹಲವೂ ಒಂದೇ ವಿಷಯವನ್ನು ಕುರಿತ ಎರಡು ತೀರ್ಪುಗಳು. ಯಾವ ಊರಿಗೂ ಕೊಂಡೊಯ್ಯದ, ಯಾವ ಹೊರೆಯನ್ನೂ ಹೊರದ, ಹೊರಟ ಸ್ಥಳಕ್ಕೇ ಮರಳಿ ಬರುವುದಕ್ಕಾಗಿ ಮಾತ್ರ ಓಡುವ ವಾಹನವೊಂದನ್ನು ತನ್ನ ಅಲ್ಪವಾದ ಸಂಪಾದನೆಯಿಂದ, ತನ್ನ ಕೈಯಿಂದಲೇ ಕಟ್ಟುವವನು ಮಾಡುತ್ತಿರುವುದು ಒಳ್ಳೆಯ ಕೆಲಸವೆ? ಒಳ್ಳೆಯದಾದರೆ ಅದಕ್ಕೆ ಎಲ್ಲೆ ಯಾವುದು? ಮೇಲುನೋಟಕ್ಕೆ ಇದು ಕೆಲವು ಉತ್ಸಾಹಿಗಳಿಗೆ ಮಾತ್ರ ಸಂಬಂಧಪಟ್ಟ ಸಂಗತಿಯೆಂದು ತೋರಬಹುದು. ಆದರೆ ಕೊಂಚ ಕೆದಕಿದರೆ, ಮನೆ, ನೆರೆ, ಸ್ನೇಹ, ಪ್ರಾಣ ಎಂಬ ನಾಲ್ಕಕ್ಕೂ ಇದರ ಬೇರು ಹಬ್ಬಿರುವುದು ಕಾಣಬರುತ್ತದೆ.

ಇಲ್ಲಿ ವಿಚಾರಕ್ಕೆ ಬಂದಿರುವುದು ಶ್ರೀಮಂತರ ಪಂದ್ಯವಲ್ಲ. ಪರದೇಶದಿಂದ ಸಿದ್ಧವಾದ ಯಂತ್ರವನ್ನು ತರಿಸಿಕೊಂಡು, ಸಂಬಳದ ಕೆಲಸಗಾರರಿಂದ ಅದನ್ನು ಒರಸಿಸಿಟ್ಟು, ಪಂದ್ಯದ ದಿವಸ ಬಂದು ಕುಳಿತುಕೊಳ್ಳುವವನ ಧರ್ಮಾಧರ್ಮಗಳು ಬೇರೆಯೇ ಆದ ಪ್ರಕರಣ. ಹವ್ಯಾಸಿಯೆಂದರೆ ಇಲ್ಲಿ ಕಟ್ಟುವವನೂ ಓಡಿಸುವವನೂ ಸಾಲ ತೀರಿಸುವವನೂ ಒಬ್ಬನೇ ಆಗಿರತಕ್ಕವನು. ಅಥವಾ ಅಂಥ ಮೂವರು ನಾಲ್ವರ ಗುಂಪು.

ಈ ಹವ್ಯಾಸವು ದಕ್ಷಿಣದಲ್ಲಿ ಇಂದು ನಿನ್ನೆಯದಲ್ಲ. 1953ರಲ್ಲಿ ಮದರಾಸಿನಲ್ಲಿ ಮೋಟಾರು ಕ್ರೀಡೆಗೆಂದು ಒಂದು ಸಂಘ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಶೋಲಾವರದಲ್ಲಿ ಹಾಸಿದ್ದ ಓಡುಹಾದಿಯೇ ಹಲವು ದಶಕಗಳ ಕಾಲ ಪಂದ್ಯದ ಬಯಲಾಯಿತು. ಪರದೇಶದ ಸರಕಿನ ಆಮದಿಗೆ ಬಿಗಿಯಾದ ಕಟ್ಟುಪಾಡುಗಳಿದ್ದ ಕಾಲವದು. ಆದುದರಿಂದ ಮನೆಮಂದಿಯನ್ನು ದೇವಸ್ಥಾನಕ್ಕೂ ಮದುವೆಗೂ ಕರೆದೊಯ್ಯುವ ಸ್ಟ್ಯಾಂಡರ್ಡ್ ಹೆರಾಲ್ಡು, ಫಿಯಟ್ಟು ಮೊದಲಾದ ಸಾಧಾರಣ ಗಾಡಿಗಳನ್ನೇ ಬಿಚ್ಚಿ, ತಗ್ಗಿಸಿ, ಹಗುರ ಮಾಡಿ ಓಡಿಸಬೇಕಾಯಿತು. ಕೊರತೆಯೇ ಅಲ್ಲಿ ಗುರುವಾಯಿತೆನ್ನಬಹುದು. 1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಒಂದು ಪಥವು ಸಿದ್ಧವಾಯಿತು. ಅದಕ್ಕೆ ಮುಂಚೆಯೇ, 1988ರಲ್ಲಿ, ಕೊಯಮತ್ತೂರಿನ ಎಸ್. ಕರಿವರ್ಧನ್ ಎಂಬವರು ಮಾರುತಿ 800 ಕಾರಿನ 796 ಸಿ.ಸಿ. ಯಂತ್ರವನ್ನೇ ಅಳವಡಿಸಿ, ಒಬ್ಬರೇ ಕುಳಿತುಕೊಳ್ಳುವ ಅಗ್ಗದ ಪಂದ್ಯದ ಕಾರೊಂದನ್ನು ರಚಿಸಿದರು. ಫಾರ್ಮುಲಾ ಮಾರುತಿಯೆಂದು ಅದಕ್ಕೆ ಹೆಸರು. ಮುಂದೆ 2005ರಲ್ಲಿ ಜಗತ್ತಿನ ಅತ್ಯುನ್ನತ ಪಂದ್ಯಗಳಿಗೆ ಏರಿದ ಮೊದಲ ಭಾರತೀಯರಾದ ನಾರಾಯಣ್ ಕಾರ್ತಿಕೇಯನ್ ಮೊದಲು ಕೈ ಪಳಗಿಸಿಕೊಂಡುದು ಅಂಥದೇ ಗಾಡಿಯಲ್ಲಿ. ಕರಿವರ್ಧನರು 1995ರಲ್ಲಿ ಚಿಕ್ಕ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಪಥವು ಅವರ ಹೆಸರಿನದು.

ಬೆಂಗಳೂರಿಗೆ ಈ ವಿಷಯದಲ್ಲಿ ಬೇರೊಂದು ಬಗೆಯ ಅನುಕೂಲವಿತ್ತು. 1940ರಲ್ಲಿ ವಿಮಾನ ಕಾರ್ಖಾನೆ, 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ, 1953ರಲ್ಲಿ ಎಚ್.ಎಂ.ಟಿ. ಇವುಗಳಿಂದಾಗಿ ಊರಿನಲ್ಲಿ ಅಂಗುಲದ ಸಾವಿರದಲ್ಲೊಂದು ಪಾಲೆಂದರೇನೆಂದು ಬಲ್ಲ ಸಹಸ್ರಾರು ಕೈಗಳು ಬೆಳೆದುವು. ನಿವೃತ್ತರಾದ ಮೇಲೂ ಆ ಕೈಗಳು ಸುಮ್ಮನಿರಲಿಲ್ಲ. ಮನೆಯ ಹಿತ್ತಲಲ್ಲಿ ಒಂದು ಲೇತು ಯಂತ್ರವನ್ನು ನಿಲ್ಲಿಸಿಕೊಂಡವರು ಉಂಟು. ಜೆ.ಸಿ. ರಸ್ತೆಯಲ್ಲಿ ಹೊಸ ಬಿಡಿಭಾಗ, ಶಿವಾಜಿನಗರದ ಗುಜರಿಯಲ್ಲಿ ಹಳೆಯ ಬಿಡಿಭಾಗ, ಇವೆರಡರ ನಡುವೆ ಹವ್ಯಾಸಿಯ ಸಕಲ ಸಂಪತ್ತೂ ಅಡಗಿದೆ. ಬಸವನಗುಡಿಯಲ್ಲಿ 1946ರಲ್ಲಿ ಆರಂಭವಾದ ಬಿ.ಎಂ.ಎಸ್. ಕಾಲೇಜಿನಿಂದ ಹಿಡಿದು ಮೈಸೂರು ರಸ್ತೆಯ ಆರ್.ವಿ. ಕಾಲೇಜಿನವರೆಗೆ, ಯಂತ್ರಶಾಸ್ತ್ರ ಓದುವ ಹುಡುಗರು ತಾವೇ ಪಂದ್ಯದ ಕಾರು ಕಟ್ಟಿ ಸ್ಪರ್ಧೆಗೆ ಒಯ್ಯುವ ತಂಡಗಳಿವೆ. ದೊಡ್ಡ ಬಸವಣ್ಣನ ಬೀದಿಯ ಹುಡುಗರು ತಮ್ಮ ತಂಡಕ್ಕೆ ಇಂಗ್ಲಿಷಿನಲ್ಲಿ ಹೋರಿಯ ಹೆಸರನ್ನೂ, ಆರ್.ವಿ.ಯವರು ಸಂಸ್ಕೃತದಲ್ಲಿ ಕುದುರೆಯ ಹೆಸರನ್ನೂ ಇಟ್ಟುಕೊಂಡಿರುವುದು ಸ್ವಾರಸ್ಯವಾಗಿದೆ. ಈ ವಿದ್ಯಾರ್ಥಿಗಳ ಸ್ಪರ್ಧೆಯು 1981ರಲ್ಲಿ ಅಮೆರಿಕದಲ್ಲಿ ಆರಂಭವಾದುದು. ಅದರ ಮೂಲಕಲ್ಪನೆ ಏನೆಂದರೆ, ವಾರದ ಕೊನೆಯಲ್ಲಿ ವಿನೋದಕ್ಕಾಗಿ ಓಡಿಸುವ ಹವ್ಯಾಸಿಯೊಬ್ಬನಿಗೆ ಮಾರಬಹುದಾದ ಗಾಡಿಯನ್ನು ರಚಿಸಬೇಕೆಂಬುದೇ. ಒಟ್ಟು 1000 ಅಂಕಗಳಲ್ಲಿ 325 ಗಾಡಿ ಓಡುವುದಕ್ಕೆ ಮೊದಲೇ, ಅದರ ರಚನೆ, ವೆಚ್ಚ, ವ್ಯಾಪಾರದ ಯೋಜನೆ ಇವುಗಳಿಗೆ ಸಲ್ಲುತ್ತವೆ. ಏಕೆ ಹೀಗೆ ಕಟ್ಟಿದೆಯೆಂದು ಹೇಳಲಾರದವನು ಎಷ್ಟು ವೇಗವಾಗಿ ಓಡಿಸಿದರೂ ಅಲ್ಲಿ ಗೆಲ್ಲುವುದು ಕಷ್ಟ.

ಇನ್ನು ಆಕ್ಷೇಪಣೆಗಳ ವಿಚಾರ. ಎಲ್ಲಕ್ಕಿಂತ ಮೊದಲು ಬರುವುದು, ಇದು ನಿಷ್ಪ್ರಯೋಜಕವೆಂಬ ಮಾತು. ಇದಕ್ಕೆ ಉತ್ಸಾಹಿಗಳು ಕೊಡುವ ಸಾಮಾನ್ಯ ಉತ್ತರವೆಂದರೆ, ಪಂದ್ಯದಿಂದ ವಿದ್ಯೆ ಬೆಳೆಯುತ್ತದೆ, ಇಂದು ಪಂದ್ಯದ ಗಾಡಿಯಲ್ಲಿ ಕಂಡುದು ನಾಳೆ ಮನೆಯ ಗಾಡಿಗೆ ಬರುತ್ತದೆ, ಎಂಬುದು. ಈ ಉತ್ತರದಲ್ಲಿ ಸ್ವಲ್ಪ ಸತ್ಯವಿದ್ದರೂ ಪ್ರಾಮಾಣಿಕತೆ ಕಡಿಮೆ. ಬನಶಂಕರಿಯ ಅಂಗಳದಲ್ಲಿ ಮಲಗಿರುವ ತರುಣನು ಲೋಕೋಪಕಾರಕ್ಕಾಗಿ ಮಲಗಿಲ್ಲ. ಅವನನ್ನೇ ಕೇಳಿದರೆ ಅವನು ನಕ್ಕುಬಿಟ್ಟಾನು. ಅವನ ಪರವಾಗಿ ಹೇಳಬೇಕಾದ ನಿಜವಾದ ಮಾತು ಬೇರೆ ಇದೆ.

ಮಹಾಭಾರತದ ನಳೋಪಾಖ್ಯಾನವನ್ನೂ ಕನಕದಾಸರ ನಳಚರಿತ್ರೆಯನ್ನೂ ಬಲ್ಲ ಕನ್ನಡಿಗರಿಗೆ ಬಾಹುಕನ ಕಥೆ ಹೊಸದಲ್ಲ. ಒಂದೇ ಹಗಲಿನಲ್ಲಿ ನೂರು ಯೋಜನ ದೂರದ ವಿದರ್ಭಕ್ಕೆ ಹೋಗಬೇಕೆಂದು ಋತುಪರ್ಣನು ಅವಸರಪಟ್ಟಾಗ, ಕುರೂಪಿಯಾದ ಸಾರಥಿಯು ಲಾಯದಿಂದ ಬಡಕಲು ಕುದುರೆಗಳನ್ನು ಆರಿಸಿ ತಂದನು. ಅರಸನಿಗೆ ಕೋಪ ಬಂದಿತು. ಆದರೆ ಬಾಹುಕನು ನೋಡಿದುದು ಮೈಯ ಕೊಬ್ಬನ್ನಲ್ಲ, ಸುಳಿಗಳನ್ನೂ ಲಕ್ಷಣಗಳನ್ನೂ. ರಥವು ಓಡುತ್ತಿರಲು ಅರಸನ ಉತ್ತರೀಯವು ಜಾರಿ ಬಿದ್ದಿತು. ಅದನ್ನು ಎತ್ತಿಕೊಳ್ಳಲು ನಿಲ್ಲಿಸೆಂದರೆ, ಅದಾಗಲೇ ಒಂದು ಯೋಜನ ಹಿಂದೆ ಉಳಿಯಿತೆಂಬ ಉತ್ತರ ಬಂದಿತು. ಈ ಕಥೆಯಲ್ಲಿ ಕೇಳುವವರಿಗೆ ಆನಂದವಾಗುವುದು ಅರಸನು ಸಕಾಲಕ್ಕೆ ತಲುಪಿದನೆಂದಲ್ಲ. ಯಾರೂ ಬೆಲೆಕೊಡದ ವಸ್ತುವಿನ ಒಳಗುಣವನ್ನು ಬಲ್ಲವನೊಬ್ಬನಿದ್ದನೆಂಬುದೇ ಆ ಆನಂದಕ್ಕೆ ಕಾರಣ.

ಅಗ್ಗದ ಗಾಡಿಯನ್ನು ಪಂದ್ಯಕ್ಕೆ ಅಣಿಮಾಡುವವನ ಸುಖವೂ ಈ ಜಾತಿಯದು. ಹಳೆಯ ಮಾರುತಿ 800ರ ತೂಕ ಸುಮಾರು 650 ಕಿಲೋಗ್ರಾಂ, ಯಂತ್ರದ ಬಲ ಸುಮಾರು 37 ಅಶ್ವಶಕ್ತಿ. ಚಾಲಕನ ತೂಕವನ್ನು ಸೇರಿಸಿ 720 ಎಂದು ಹಿಡಿದರೆ, ಅದರಿಂದ 100 ಕಿಲೋಗ್ರಾಮನ್ನು ಕಳೆಯುವುದು ಯಂತ್ರಕ್ಕೆ ಸುಮಾರು 6 ಅಶ್ವಶಕ್ತಿಯನ್ನು ಕೂಡಿಸಿದುದಕ್ಕೆ ಸಮನಾಗುತ್ತದೆ. 6 ಅಶ್ವಶಕ್ತಿಯನ್ನು ಕೂಡಿಸುವುದಕ್ಕೆ ಹಣ ಬೇಕು. ಆಸನ, ಗಾಜು, ಹಾಸು, ಬಿಡಿಚಕ್ರ ಇವನ್ನು ಕಳೆಯುವುದಕ್ಕೆ ಒಂದು ಸ್ಪ್ಯಾನರು ಸಾಕು. ಮೇಲಾಗಿ, ಕೂಡಿಸಿದ ಬಲವು ಮುಂದಕ್ಕೆ ತಳ್ಳುವುದನ್ನು ಮಾತ್ರ ಬಲ್ಲದು. ಕಳೆದ ತೂಕವಾದರೋ ನಿಲ್ಲಿಸುವಾಗಲೂ ಉಪಕಾರ, ತಿರುವಿನಲ್ಲಿಯೂ ಉಪಕಾರ. ಇದನ್ನು ಮೊದಲ ಸಲ ತನ್ನ ಕೈಯಾರೆ ಕಂಡುಕೊಂಡ ತರುಣನಿಗೆ ಜಗತ್ತು ಕೊಂಚ ತಿಳಿಯಾಗುತ್ತದೆ. ವೀಣೆಯ ತಂತಿಯನ್ನು ಬಿಗಿಮಾಡಿ ಶ್ರುತಿ ಕೂಡಿಸುವವನನ್ನು ಪ್ರಯೋಜನವೇನೆಂದು ಯಾರೂ ಕೇಳುವುದಿಲ್ಲ. ಗ್ರೀಸು ಮೆತ್ತಿಕೊಂಡವನಿಗೆ ಮಾತ್ರ ಆ ಪ್ರಶ್ನೆ ಕೇಳುವುದು ನ್ಯಾಯವಲ್ಲ. ನಿಷ್ಪ್ರಯೋಜಕವೆಂಬ ಆಕ್ಷೇಪಣೆಗೆ ಇಷ್ಟು ಸಾಕು.

ಆದರೆ ಇದೇ ಹಗುರತನದ ರುಚಿಯಲ್ಲಿಯೇ ಅಪಾಯವೂ ಇದೆ. ಜಯನಗರಕ್ಕೆ ಅಸ್ತಿಭಾರ ಬಿದ್ದ 1948ನೆಯ ಇಸವಿಯಲ್ಲಿಯೇ ಲಂಡನ್ನಿನಲ್ಲಿ ಕಾಲಿನ್ ಚಾಪ್ಮನ್ ಎಂಬ ತರುಣನು, ತಾನು ಮುಂದೆ ಮದುವೆಯಾಗಲಿದ್ದ ಹುಡುಗಿಯ ತಂದೆತಾಯಿಗಳ ಮನೆಯ ಹಿಂದಿನ ಶೆಡ್ಡಿನಲ್ಲಿ, ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ಪಂದ್ಯದ ಗಾಡಿ ಕಟ್ಟಿದನು. 1922ರಲ್ಲಿ ಹುಟ್ಟಿದ ಆ ಆಸ್ಟಿನ್ನು ಇಂಗ್ಲೆಂಡಿನ ಬಡವರ ಕಾರು. ಚಾಪ್ಮನ್ನನ ಶೆಡ್ಡಿನಿಂದ ಲೋಟಸ್ ಎಂಬ ಸಂಸ್ಥೆ ಬೆಳೆಯಿತು. ಲೋಕದ ದೊಡ್ಡ ಪಂದ್ಯಗಳನ್ನು ಗೆದ್ದಿತು. ತೂಕವನ್ನು ಕಳೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. 1969ರಲ್ಲಿ ಅವನ ಚಾಲಕನಾದ ಯೊಕೆನ್ ರಿಂಟ್, ಸ್ಪೇನಿನಲ್ಲಿ ಗಾಡಿಯ ರೆಕ್ಕೆ ಮುರಿದು ಅಪಘಾತಕ್ಕೀಡಾದ ಮೇಲೆ, ಬಿಡಿಭಾಗಗಳನ್ನು ಇನ್ನಷ್ಟು ಗಟ್ಟಿಯಾಗಿ ಮಾಡಬೇಕೆಂದು ಚಾಪ್ಮನ್ನನಿಗೆ ಕಾಗದ ಬರೆದನು. ಮರುವರ್ಷ, 1970ರ ಸೆಪ್ಟೆಂಬರ್ 5ರಂದು, ಇಟಲಿಯ ಮೊನ್ಜಾದಲ್ಲಿ ಅಭ್ಯಾಸದ ಓಟದಲ್ಲಿ ಅವನು ಸತ್ತನು. ಮುಂಚಕ್ರದ ಬ್ರೇಕಿಗೆ ಸಂಬಂಧಿಸಿದ ದಂಡವೊಂದು ಮುರಿದಿತ್ತು. ಪ್ರಾಣ ಹೋದುದಕ್ಕೆ ದಾರಿಯಂಚಿನ ತಡೆಗಂಬಿಯನ್ನು ಸರಿಯಾಗಿ ಹಾಕದಿದ್ದುದೂ ಕಾರಣವೆಂದು ನ್ಯಾಯವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ವರ್ಷದ ವಿಶ್ವವಿಜೇತನೆಂಬ ಬಿರುದು ಸತ್ತವನಿಗೇ ಸಂದಿತು.

ಗಾಡಿಯಲ್ಲಿ ಕಳೆಯಬಹುದಾದ ತೂಕವೂ ಕಳೆಯಬಾರದ ತೂಕವೂ ಇವೆ. ಅದರಂತೆಯೇ ಉಳಿಸಬಹುದಾದ ದುಡ್ಡೂ ಉಳಿಸಬಾರದ ದುಡ್ಡೂ ಇವೆ. ಅಮೆರಿಕದಲ್ಲಿ 2006ರಿಂದ ನಡೆಯುತ್ತಿರುವ ಗುಜರಿ ಗಾಡಿಗಳ ಪಂದ್ಯವೊಂದಿದೆ. ಗಾಡಿಯ ಬೆಲೆ 500 ಡಾಲರನ್ನು ಮೀರಕೂಡದೆಂಬುದು ಅದರ ಕಟ್ಟಳೆ. ಹಾಸ್ಯಕ್ಕಾಗಿ ಹುಟ್ಟಿದ ಈ ಪಂದ್ಯದ ನಿಯಮಗಳಲ್ಲಿ ಹಾಸ್ಯವಿಲ್ಲದ ಒಂದು ಅಂಶವಿದೆ: ಚಾಲಕನನ್ನು ಕಾಪಾಡುವ ಪಂಜರ, ಆಸನ, ಪಟ್ಟಿ, ಬ್ರೇಕು, ಟಯರು ಇವುಗಳ ವೆಚ್ಚವು ಆ 500ರಲ್ಲಿ ಸೇರುವುದಿಲ್ಲ. ಬಡವನ ಪಂದ್ಯದಲ್ಲಿ ಕೂಡ ಪ್ರಾಣದ ಬಾಬತ್ತನ್ನು ಲೆಕ್ಕದಿಂದ ಹೊರಗಿಟ್ಟರೆಂದರೆ, ಪ್ರಾಣಕ್ಕೆ ಬೆಲೆಯಿಲ್ಲವೆಂದಲ್ಲ. ಅದನ್ನು ಇತರ ಬಾಬತ್ತುಗಳೊಡನೆ ತೂಗುವ ಅಧಿಕಾರವನ್ನು ಸ್ಪರ್ಧಾಳುವಿನ ಕೈಯಿಂದ ಕಿತ್ತುಕೊಂಡರೆಂದು ಅರ್ಥ. ಗೆಲ್ಲಬೇಕೆಂಬ ಮನಸ್ಸಿಗೆ ತಕ್ಕಡಿಯನ್ನು ಒಪ್ಪಿಸುವುದು ಕ್ಷೇಮವಲ್ಲವೆಂದು ಅವರು ಬಲ್ಲರು.

ಆದರೂ ಕಟ್ಟಳೆಯು ಎಲ್ಲಿಯವರೆಗೆ ನೋಡಬಲ್ಲದು? ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಚಾಲಕನ ತಲೆಯ ಮೇಲಣ ಉಕ್ಕಿನ ಕಮಾನು 25 ಮಿಲಿಮೀಟರು ವ್ಯಾಸವೂ 2.5 ಮಿಲಿಮೀಟರು ದಪ್ಪವೂ ಉಳ್ಳದ್ದಾಗಿರಬೇಕೆಂದು ವಿಧಿಸಿದೆ. ಹೊರಗಿನಿಂದ ನೋಡಿದರೆ ದಪ್ಪ ತಿಳಿಯದು. ಆದುದರಿಂದ ಆ ಕಮಾನಿನಲ್ಲಿ 4.5 ಮಿಲಿಮೀಟರಿನ ಒಂದು ತೂತನ್ನು ಕೊರೆದಿಡಬೇಕೆಂದೂ ವಿಧಿಸಿದೆ. ಪರೀಕ್ಷಕನು ಅದರೊಳಗೆ ಅಳತೆಯ ಕಡ್ಡಿಯನ್ನಿಟ್ಟು ನೋಡುತ್ತಾನೆ. ಅಪನಂಬಿಕೆಗೆ ಇಷ್ಟು ಸಭ್ಯವಾದ ಕಿಂಡಿಯನ್ನು ಬೇರೆಲ್ಲಿಯೂ ಕಾಣುವುದು ಕಷ್ಟ. ಆದರೆ ಆ ಕಿಂಡಿಯಿಂದ ಕೊಳವೆಯ ದಪ್ಪ ಕಂಡೀತೇ ಹೊರತು ಎರಡು ಕೊಳವೆಗಳು ಸೇರುವ ಬೆಸುಗೆಯ ಒಡಲು ಕಾಣದು.

ಬೆಸುಗೆಯ ವಿಷಯವನ್ನು ಇಲ್ಲಿ ಕೊಂಚ ವಿವರಿಸಬೇಕು. ಶಾಖವು ಸಾಲದೆ ಹೋದರೆ ಕರಗಿದ ಲೋಹವು ಕೊಳವೆಯೊಳಕ್ಕೆ ಇಳಿಯದೆ ಅದರ ಮೇಲೆ ಸುಮ್ಮನೆ ಕುಳಿತುಕೊಳ್ಳುತ್ತದೆ. ನೋಡುವುದಕ್ಕೆ ಅದು ಅಂದವಾಗಿಯೇ ಇರಬಹುದು. ಉಜ್ಜಿ ಬಣ್ಣ ಬಳಿದರೆ ಒಳ್ಳೆಯ ಬೆಸುಗೆಗೂ ಅದಕ್ಕೂ ಭೇದವಿಲ್ಲ. ಗಾಡಿಯು ಮಗುಚಿದ ದಿವಸವೇ ಭೇದ ತಿಳಿಯುವುದು. ವಿಮಾನ ಕಾರ್ಖಾನೆಯಲ್ಲಾದರೆ ಒಡಲನ್ನು ಕ್ಷಕಿರಣದಿಂದ ನೋಡುವ ಸಾಧನಗಳುಂಟು. ಅಂಗಳದ ತೆಂಗಿನ ಮರದಡಿಯಲ್ಲಿ ಅವಿಲ್ಲ. ಒರಟು ನೆಲದ ಮೇಲೆ ಓಡುವ ವಿದ್ಯಾರ್ಥಿಗಳ ಗಾಡಿಗಳಿಗೆಂದು ಏರ್ಪಟ್ಟಿರುವ ಬಾಜಾ ಎಂಬ ಸ್ಪರ್ಧೆಯು ಇದಕ್ಕೊಂದು ಉಪಾಯವನ್ನು ಹುಡುಕಿದೆ. ಈ ಸ್ಪರ್ಧೆ ಭಾರತದಲ್ಲಿ 2007ರಿಂದ ನಡೆಯುತ್ತಿದೆ. ಬೆಸೆದವನೇ ಅಂಥದೇ ಕೊಳವೆಯಿಂದ ಎರಡು ಮಾದರಿಗಳನ್ನು ಬೆಸೆದು ತರಬೇಕು. ಒಂದನ್ನು ಮುರಿದು ತೋರಿಸಬೇಕು, ಇನ್ನೊಂದನ್ನು ಅಡ್ಡಲಾಗಿ ಕೊಯ್ದು ತೋರಿಸಬೇಕು.

ಇಲ್ಲಿ ಯೋಚನೆಗೆ ಸಿಕ್ಕುವ ತೊಡಕೊಂದಿದೆ. ಮುರಿದು ನೋಡಿದ ಬೆಸುಗೆಯನ್ನು ಗಾಡಿಯಲ್ಲಿ ಬಳಸುವಂತಿಲ್ಲ. ಗಾಡಿಯಲ್ಲಿ ಬಳಸಿದ ಬೆಸುಗೆಯನ್ನು ಮುರಿದು ನೋಡುವಂತಿಲ್ಲ. ಪರೀಕ್ಷಕನಿಗೆ ಸಿದ್ಧಿಸಿದ ಜ್ಞಾನವು ಆ ಮಾದರಿಯ ಜ್ಞಾನವೇ ಹೊರತು ಈ ಪಂಜರದ ಜ್ಞಾನವಲ್ಲ. ಮಾದರಿಯಿಂದ ಪಂಜರಕ್ಕೆ ದಾಟುವ ಸೇತುವೆ ಯಾವುದೆಂದರೆ, ಎರಡನ್ನೂ ಬೆಸೆದವನು ಒಬ್ಬನೇ, ಪರೀಕ್ಷಕನು ನೋಡುವಾಗ ಹೇಗೋ ನೋಡದಾಗಲೂ ಹಾಗೆಯೇ ಬೆಸೆದಾನು, ಎಂಬ ಊಹೆ. ಅಂದರೆ ಕೊನೆಗೆ ಪರೀಕ್ಷೆ ನಡೆಯುವುದು ಉಕ್ಕಿನದಲ್ಲ. ತರ್ಕಶಾಸ್ತ್ರದ ಅನುಮಾನ ಪ್ರಮಾಣವು ಇಲ್ಲಿ ಬಂದು ಒಬ್ಬ ಮನುಷ್ಯನ ನಡತೆಯ ಮೇಲೆ ನಿಲ್ಲುತ್ತದೆ. ಶಾಸ್ತ್ರವು ಎಷ್ಟೇ ಮುಂದುವರಿಯಲಿ, ಲೋಕದ ಬಹುಭಾಗ ವ್ಯವಹಾರವು ಹೀಗೆಯೇ ನಡೆಯುತ್ತಿದೆ. ಮಾಳಿಗೆಯ ಕಾಂಕ್ರೀಟಿನೊಳಗಿನ ಕಂಬಿಯನ್ನು ಕಂಡು ಮಲಗುವವರು ಯಾರಿದ್ದಾರೆ?

ಮೊದಲು ಹೇಳಿದ ಆ ಬನಶಂಕರಿಯ ತರುಣನನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅವನು ಒಬ್ಬನಲ್ಲ, ಹಲವರು. ಪಂದ್ಯಕ್ಕೆ ಹತ್ತು ದಿವಸ ಉಳಿದಿದೆ. ಪ್ರವೇಶದ ಹಣ ಕಟ್ಟಿಯಾಗಿದೆ, ಗಾಡಿಯನ್ನು ಹೊತ್ತೊಯ್ಯುವ ಲಾರಿಗೆ ಮುಂಗಡ ಕೊಟ್ಟಾಗಿದೆ. ಪಂಜರವನ್ನು ಅವನೇ, ಬಾಡಿಗೆಗೆ ತಂದ ಯಂತ್ರದಿಂದ, ರಾತ್ರಿಗಳಲ್ಲಿ ಕುಳಿತು ಬೆಸೆದಿದ್ದಾನೆ. ಬೀದಿಯ ಕೊನೆಯಲ್ಲಿರುವ ವೆಲ್ಡಿಂಗ್ ಅಂಗಡಿಯ ವೃದ್ಧ ಮೇಸ್ತ್ರಿಯು ಒಂದು ಸಂಜೆ ಬಂದು, ಕನ್ನಡಕವನ್ನು ಹಣೆಗೇರಿಸಿ, ಬೆರಳಿನಿಂದ ಕೀಲುಗಳನ್ನು ಸವರಿ ನೋಡುತ್ತಾನೆ.

“ಇದು ಕೂತಿದೆ ಅಪ್ಪಾ, ಹಿಡಿದಿಲ್ಲ.”

“ಎಲ್ಲಾ ಕಡೆನೂನಾ ಮೇಸ್ತ್ರಿ?”

“ಮೇಲಿನ ಆರು. ಕೆಳಗಿಂದು ಪರವಾಗಿಲ್ಲ. ಓಡಿಸೋರು ಯಾರು, ನೀವೇನಾ?”

“ಮೊದಲನೇ ಓಟ ನನ್ನ ಸ್ನೇಹಿತ ಓಡಿಸ್ತಾನೆ.”

ಮೇಸ್ತ್ರಿಯು ಮತ್ತೇನೂ ಹೇಳದೆ ಕೈಯೊರಸಿಕೊಂಡು ಹೊರಟುಹೋಗುತ್ತಾನೆ.

ಈಗ ಆ ತರುಣನ ಮುಂದಿರುವ ಪ್ರಶ್ನೆಯನ್ನು ಹಗುರವಾಗಿ ಎಣಿಸಕೂಡದು. ಮೇಸ್ತ್ರಿಯ ಮಾತು ತಪ್ಪೂ ಆಗಿರಬಹುದು. ಬೆರಳಿನಿಂದ ಸವರಿ ಬೆಸುಗೆಯ ಒಡಲನ್ನು ಹೇಳಬಲ್ಲವರುಂಟೆ? ಗಾಡಿ ಮಗುಚುವುದು ನೂರಕ್ಕೊಮ್ಮೆ; ಮಗುಚಿದರೂ ಆ ಆರು ಕೀಲುಗಳ ಮೇಲೆಯೇ ಭಾರ ಬೀಳಬೇಕೆಂದಿಲ್ಲ. ಪರೀಕ್ಷಕನು ಒಪ್ಪುವುದು ಬಹುಮಟ್ಟಿಗೆ ನಿಶ್ಚಯ. ಸ್ನೇಹಿತನು ತಾನಾಗಿಯೇ ಓಡಿಸುವೆನೆಂದವನು, ಅಪಾಯವನ್ನು ಬಲ್ಲವನು. ಇವೆಲ್ಲವೂ ಸತ್ಯವಾದ ಮಾತುಗಳೇ. ಆದರೆ ಈ ಸತ್ಯಗಳ ಸಾಲಿನಲ್ಲಿ ಕೊನೆಯದು ಮಾತ್ರ ಹುಳುಕು. ಸ್ನೇಹಿತನು ಒಪ್ಪಿದುದು ಪಂದ್ಯದ ಅಪಾಯಕ್ಕೆ; ತಿರುವಿನಲ್ಲಿ ಜಾರುವುದಕ್ಕೆ, ಪಕ್ಕದವನು ಬಂದು ಬಡಿಯುವುದಕ್ಕೆ, ತನ್ನ ಕೈ ತಪ್ಪುವುದಕ್ಕೆ. ತಲೆಯ ಮೇಲಣ ಕಮಾನು ಕಮಾನಲ್ಲವೆಂಬ ಅಪಾಯಕ್ಕೆ ಅವನು ಒಪ್ಪಿಲ್ಲ. ಏಕೆಂದರೆ ಅದು ಅವನಿಗೆ ತಿಳಿಯದು. ತಿಳಿಯದುದಕ್ಕೆ ಒಪ್ಪಿಗೆಯೆಂಬುದು ಹೇಗೆ ಬಂದೀತು? ತಿಳಿಸಿದರೆ ಒಪ್ಪಿಯಾನೆಂದು ಊಹಿಸಿಕೊಂಡು ತಿಳಿಸದೆ ಇರುವುದು ಅವನ ಒಪ್ಪಿಗೆಯನ್ನು ಅವನ ಪರವಾಗಿ ಸಹಿ ಹಾಕಿದಂತೆ.

ತಾನೇ ಓಡಿಸುವುದಾದರೆ ಪಾಪವಿಲ್ಲವೆ, ಎಂದು ಕೇಳಬಹುದು. ತನ್ನ ಪ್ರಾಣ ತನ್ನದೆಂಬ ವಾದವು ಬಲವಾದ ವಾದ. ಬೆಟ್ಟ ಹತ್ತುವವರೂ ಕಡಲಿಗಿಳಿಯುವವರೂ ಅದನ್ನೇ ಹೇಳುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಉರಿಯುವ ಗಾಡಿಯಿಂದ ಚಾಲಕನನ್ನು ಎಳೆಯುವುದಕ್ಕೆ ಓಡಿಬರುವ ಪಥರಕ್ಷಕರು ಸಂಬಳಕ್ಕಲ್ಲದೆ ಪ್ರೀತಿಗಾಗಿ ಬಿಸಿಲಿನಲ್ಲಿ ನಿಂತವರು. ಮನೆಯಲ್ಲಿರುವ ತಾಯಿಯ ಲೆಕ್ಕ ಇನ್ನೂ ಬೇರೆ. ಮತ್ತೊಂದನ್ನು ಯಾರೂ ನೆನೆಯುವುದಿಲ್ಲ: ಪಂದ್ಯದ ಹುಚ್ಚು ಇಳಿದ ಮೇಲೆ ಇಂಥ ಗಾಡಿಗಳಲ್ಲಿ ಕೆಲವಕ್ಕೆ ಮತ್ತೆ ಆಸನ ಜೋಡಿಸಿ, ಬಣ್ಣ ಹೊಡೆದು, ಏನೂ ಅರಿಯದ ಗೃಹಸ್ಥನೊಬ್ಬನಿಗೆ ಮಾರುವುದುಂಟು. ಆ ಗೃಹಸ್ಥನ ಮಕ್ಕಳು ಯಾವ ಪಂದ್ಯಕ್ಕೂ ಹೆಸರು ಕೊಟ್ಟವರಲ್ಲ.

ದುಡ್ಡಿನ ಮಾತನ್ನು ತಾಯಂದಿರೇ ಚೆನ್ನಾಗಿ ಆಡಬಲ್ಲರು. “ಬರೋ ಮಳೆಗಾಲಕ್ಕೆ ಮಾಳಿಗೆ ಸೋರತ್ತೆ ಕಣೋ, ಅದಕ್ಕೇನು ಮಾಡ್ತೀಯ?” ಎಂಬ ಪ್ರಶ್ನೆಗೆ ಯಂತ್ರಶಾಸ್ತ್ರದಲ್ಲಿ ಉತ್ತರವಿಲ್ಲ. ತಂದೆಯ ನಿವೃತ್ತಿವೇತನದಿಂದ ಟಯರು ಕೊಳ್ಳುವವನನ್ನು ಸಮರ್ಥಿಸುವುದು ಕಷ್ಟ. ತನ್ನ ಸಂಬಳದಿಂದ ಮನೆಯ ಪಾಲನ್ನು ಕೊಟ್ಟು ಉಳಿದುದರಲ್ಲಿ ಕೊಳ್ಳುವವನನ್ನು ಗದರಿಸುವುದೂ ಅಷ್ಟೇ ಕಷ್ಟ. ಇದರಲ್ಲಿ ಹೆಚ್ಚು ಬೆಳೆಸುವುದಕ್ಕೇನೂ ಇಲ್ಲ. ಆದರೆ ಹಣವು ಪಂದ್ಯದೊಳಕ್ಕೇ ನುಗ್ಗಿದಾಗ ಹುಟ್ಟುವ ಅನ್ಯಾಯವು ವಿಚಾರಾರ್ಹ. ಅಗ್ಗದ ಪಂದ್ಯವೆಂದು ಹೆಸರಿಟ್ಟುಕೊಂಡಲ್ಲಿಯೂ ಗುಟ್ಟಾಗಿ ದುಡ್ಡು ಸುರಿಯುವವರುಂಟು. ಇದಕ್ಕೆ ಆ 500 ಡಾಲರಿನ ಪಂದ್ಯದವರು ಕಂಡುಕೊಂಡ ಮದ್ದು ವಿನೋದವಾಗಿದೆ: ಪಂದ್ಯ ಮುಗಿದ ಮೇಲೆ ಯಾವ ಗಾಡಿಯನ್ನಾದರೂ ಅದೇ 500ಕ್ಕೆ ಕೊಂಡುಕೊಳ್ಳುವ ಹಕ್ಕನ್ನು ಅವರು ಇಟ್ಟುಕೊಂಡಿದ್ದಾರೆ. ಸುಳ್ಳು ಹೇಳಿದವನು ತನ್ನ ಸುಳ್ಳಿನ ಬೆಲೆಗೇ ಗಾಡಿಯನ್ನು ಬಿಟ್ಟುಕೊಡಬೇಕು. ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಇನ್ನೊಂದು ದಾರಿ. ಪೆಟ್ರೋಲಿನ ಯಂತ್ರ ಯಾವುದೇ ಇರಲಿ, ಅದು ಉಸಿರಾಡುವ ಗಾಳಿಯೆಲ್ಲವೂ 20 ಮಿಲಿಮೀಟರಿನ ಒಂದೇ ಕಂಠದಲ್ಲಿ ಹಾದು ಹೋಗಬೇಕು. ಹಣವಂತನಿಗೂ ಅಷ್ಟೇ ಗಾಳಿ, ಬಡವನಿಗೂ ಅಷ್ಟೇ ಗಾಳಿ.

ವಿದ್ಯೆಯ ಗುಟ್ಟಿನ ಮಾತೂ ಇಲ್ಲಿ ಸೇರುತ್ತದೆ. ಎರಡು ಹೊಡೆತದ ಯಂತ್ರದ ಹೊಗೆಕೊಳವೆಯನ್ನು ನಡುವೆ ಉಬ್ಬಿಸಿ ಕೊನೆಯಲ್ಲಿ ಕಿರಿದುಮಾಡಿದರೆ, ಹೊರಟ ಶಬ್ದದ ಅಲೆಯೇ ಮರಳಿ ಬಂದು, ಚೆಲ್ಲಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಒಳಕ್ಕೆ ದೂಡುತ್ತದೆ. ಈ ವಿದ್ಯೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಬಡ ಕಾರ್ಖಾನೆಯೊಂದರಲ್ಲಿ ಪಳಗಿಸಿದವನು ವಾಲ್ಟರ್ ಕಾಡೆನ್. 1961ರಲ್ಲಿ ಅವನ ಸವಾರನಾದ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದಿಂದ ಊರಿಗೆ ಹಿಂದಿರುಗದೆ ದೇಶ ಬಿಟ್ಟನು; ವಿದ್ಯೆಯು ಅವನೊಡನೆ ಜಪಾನಿನ ಸುಜುಕಿಗೆ ಹೋಯಿತು; 1962ರಲ್ಲಿ 50 ಸಿ.ಸಿ. ವರ್ಗದ ವಿಶ್ವಪ್ರಶಸ್ತಿಯನ್ನು ಅವನೇ ಸುಜುಕಿಯ ಮೇಲೆ ಗೆದ್ದನು. ಮೈಸೂರಿನಲ್ಲಿ ತಯಾರಾದ ಯೆಜ್ಡಿಯ ಹೊಗೆಕೊಳವೆಯನ್ನು ಕೊಯ್ದು ಬೆಸೆದು ಪ್ರಯೋಗ ನಡೆಸುವ ಬೆಂಗಳೂರಿನ ಹುಡುಗನಿಗೆ ತಾನು ಯಾರ ಋಣದಲ್ಲಿದ್ದೇನೆಂದು ತಿಳಿದಿರುವುದು ಅಪೂರ್ವ. ಋತುಪರ್ಣನೂ ಬಾಹುಕನೂ ಅಕ್ಷಹೃದಯವನ್ನೂ ಅಶ್ವಹೃದಯವನ್ನೂ ಒಬ್ಬರಿಗೊಬ್ಬರು ಕೊಟ್ಟುಕೊಂಡರು. ಅಕ್ಷಹೃದಯವು ದೊರೆತೊಡನೆ ನಳನ ಮೈಯಿಂದ ಕಲಿ ಹೊರಬಿದ್ದನು. ಕದ್ದೊಯ್ದ ವಿದ್ಯೆಗೂ ಕೊಟ್ಟುಕೊಂಡ ವಿದ್ಯೆಗೂ ವೇಗ ಒಂದೇ ಇರಬಹುದು.

ಇಷ್ಟೆಲ್ಲ ಸಮರ್ಥನೆಯೂ ಪಥದೊಳಗಿನ ಮಾತು. ಅದೇ ಗಾಡಿ ಬೀದಿಗಿಳಿದರೆ ಒಂದು ಕ್ಷಣವೂ ನಿಲ್ಲದು. ರಾತ್ರಿ ಹನ್ನೆರಡರ ಮೇಲೆ ಹೊರವರ್ತುಲ ರಸ್ತೆಯಲ್ಲಿಯೂ ನೈಸ್ ರಸ್ತೆಯಲ್ಲಿಯೂ ಕೇಳಿಬರುವ ಆರ್ಭಟಕ್ಕೆ ಹವ್ಯಾಸವೆಂಬ ಹೆಸರು ಸಲ್ಲದು. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಹಾಲಿನ ಪೊಟ್ಟಣ ಹಿಡಿದು ರಸ್ತೆ ದಾಟುವ ವೃದ್ಧೆಯನ್ನು ಯಾರೂ ಪಂದ್ಯಕ್ಕೆ ಕರೆದಿಲ್ಲ. 1988ರ ಮೋಟಾರು ವಾಹನಗಳ ಕಾನೂನಿನ 189ನೆಯ ಪ್ರಕರಣವು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದನ್ನು ಅಪರಾಧವೆನ್ನುತ್ತದೆ. 52ನೆಯ ಪ್ರಕರಣವು ತಯಾರಕರ ಮೂಲರಚನೆಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಇದನ್ನು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಥಿರಪಡಿಸಿತು. ಕಾನೂನು ಒರಟಾದುದು, ಬ್ರೇಕನ್ನು ಉತ್ತಮಪಡಿಸಿದವನನ್ನೂ ಹೊಗೆಕೊಳವೆಯನ್ನು ಒಡೆದು ಗದ್ದಲವೆಬ್ಬಿಸಿದವನನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ, ಎಂದು ಹವ್ಯಾಸಿಗಳು ದೂರುತ್ತಾರೆ. ದೂರಿನಲ್ಲಿ ಹುರುಳಿದೆ. ದಕ್ಷಿಣದ ಎರಡು ಪ್ರಸಿದ್ಧ ಪಥಗಳೂ ತಮಿಳುನಾಡಿನಲ್ಲಿವೆ. ಬನಶಂಕರಿಯಿಂದ ಗಾಡಿಯನ್ನು ಲಾರಿಯ ಮೇಲೆ ಹೊರಿಸಿಕೊಂಡು 300 ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು. ಈಜು ಕಲಿಯುವವನಿಗೆ ಕೊಳವನ್ನು ತೋರಿಸದೆ, ಕುಡಿಯುವ ನೀರಿನ ಬಾವಿಗೆ ಇಳಿದನೆಂದು ಬೈಯುವ ಸಮಾಜವೂ ತನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕು. ಹಾಗೆಂದು ಬಾವಿಗಿಳಿಯುವ ಹಕ್ಕು ಯಾರಿಗೂ ಬರುವುದಿಲ್ಲ.

ಆ ಆರು ಬೆಸುಗೆಗಳ ವಿಚಾರ ಇನ್ನೂ ಉಳಿದಿದೆ. ತರುಣನು ಅಂದಿನ ರಾತ್ರಿ ನಿದ್ದೆ ಮಾಡಲಿಲ್ಲವೆಂದು ಇಟ್ಟುಕೊಳ್ಳಬಹುದು. ಬೆಳಿಗ್ಗೆ ಎದ್ದು ಗುಜರಿಯಿಂದ ಉಳಿದಿದ್ದ ಕೊಳವೆಯ ತುಂಡೆರಡನ್ನು ಅದೇ ಯಂತ್ರದಿಂದ, ಅದೇ ಶಾಖದಲ್ಲಿ ಬೆಸೆದನು. ವೈಸಿಗೆ ಬಿಗಿದು ದೊಡ್ಡ ಸುತ್ತಿಗೆಯಿಂದ ಹೊಡೆದನು. ಎರಡನೆಯ ಹೊಡೆತಕ್ಕೆ ಬೆಸುಗೆಯು ಸಿಪ್ಪೆಯಂತೆ ಎದ್ದುಬಂದಿತು. ಅದರಡಿಯಲ್ಲಿ ಕೊಳವೆಯ ಮೈ ಎಲ್ಲೂ ಕರಗದೆ ನುಣ್ಣಗೆ ಹೊಳೆಯುತ್ತಿತ್ತು. ಸ್ನೇಹಿತನನ್ನು ಕರೆಯಿಸಿ ಆ ತುಂಡುಗಳನ್ನು ಅವನ ಕೈಗೆ ಕೊಟ್ಟನು. ಲಾರಿಯವನು ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿಸಿದನು. ಪ್ರವೇಶದ ಹಣ ಹೋಯಿತು.

ಅಂಗಳದಲ್ಲಿ ಗಾಡಿ ಹಾಗೆಯೇ ನಿಂತಿದೆ. ಮೇಲಣ ಕೊಳವೆಗಳನ್ನು ಕೊಯ್ದು ತೆಗೆದಿದ್ದಾರೆ. ಸಂಜೆಯ ಹೊತ್ತು ಮೇಸ್ತ್ರಿಯು ಅಂಗಡಿ ಮುಚ್ಚಿ ಬಂದು, ತನ್ನ ಕೈಯಲ್ಲಿ ತರುಣನ ಕೈಯನ್ನು ಹಿಡಿದು, ಶಾಖವು ಇಳಿಯುವುದನ್ನು ಎಷ್ಟು ಹೊತ್ತು ಕಾಯಬೇಕೆಂದು ತೋರಿಸುತ್ತಾನೆ. ಹುಡುಗರು ಗೇಟಿನ ಬಳಿ ನಿಂತು, ಇನ್ನೂ ಆಗಲಿಲ್ಲವೆ ಅಣ್ಣಾ, ಎಂದು ಕೇಳುತ್ತಾರೆ.